ಮರಳಿಗೆ ಮೂಡಿದ ಕೊಂಬು

ಬರಿಕಡವಿನಲ್ಲಿ ನನ್ನಷ್ಟು ಚೆನ್ನಾಗಿ ಕನ್ನಡ ಬರೆಯುವವರು ಇನ್ನೊಬ್ಬರಿರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿರುವುದು ನನ್ನ ಕರ್ಮ. ಬೇರೆಯವರು ಹೇಳಿಯಾರೆಂದು ಇಷ್ಟು ವರ್ಷ ಕಾದೆ, ಒಬ್ಬರೂ ಬಾಯಿ ಬಿಡಲಿಲ್ಲ. ಊರಿನಲ್ಲಿ ಎಲ್ಲರೂ ಆಡುವುದು ತುಳು. ಕನ್ನಡ ಬೇಕಾಗುವುದು ಶಾಲೆಯ ಪಾಠಕ್ಕೆ, ಮದುವೆಯ ಕಾಗದಕ್ಕೆ, ಸರಕಾರದ ಅರ್ಜಿಗೆ. ಮೂರಕ್ಕೂ ನಾನೇ ಗತಿ. ಕಮಲಾಕ್ಷ ಮಾಸ್ಟ್ರು ಬರೆದ ಅರ್ಜಿ ಕಂಡರೆ ತಹಶೀಲ್ದಾರರು ಕುರ್ಚಿಯಿಂದ ಎದ್ದು ನಿಲ್ಲುತ್ತಾರೆ ಎಂದು ಅಣ್ಣು ತನ್ನ ಚಾದ ಅಂಗಡಿಯಲ್ಲಿ ಕೂತವರಿಗೆಲ್ಲ ಹೇಳುತ್ತಿದ್ದ. ಅದು ತಮಾಷೆ ಎಂದು ನನಗೆ ತಿಳಿಯುವಾಗ ತಡವಾಗಿತ್ತು.

ಇಂಥ ನಾನು ಅರವತ್ತೊಂದನೆಯ ಇಸವಿಯಲ್ಲಿ ಒಂದೇ ಒಂದು ಅಕ್ಷರಕ್ಕೆ ಬೇಡದ ಕೊಂಬು ಕೊಟ್ಟು ಊರಿಗೆ ಊರನ್ನೇ ನಗೆಪಾಟಲು ಮಾಡಿದೆ. ಹೇಗೂ ಎಲ್ಲರೂ ತಮತಮಗೆ ಬೇಕಾದ ಹಾಗೆ ಹೇಳಿಕೊಂಡು ತಿರುಗುತ್ತಿದ್ದಾರೆ. ಸರಿಯಾದದ್ದನ್ನು ನಾನೇ ಬರೆದಿಟ್ಟರೆ ಒಳ್ಳೆಯದು.

ಬರಿಕಡವು ಇರುವುದು ಫರಂಗಿಪೇಟೆಯಿಂದ ಸ್ವಲ್ಪ ಮೇಲೆ, ನೇತ್ರಾವತಿ ಮೈ ತಿರುಗಿಸುವ ಜಾಗದಲ್ಲಿ. ಆ ತಿರುವಿನ ದಡದ ಮೇಲೆಯೇ ನನ್ನ ದೊಡ್ಡಮ್ಮ ಅಮ್ಮಣ್ಣಿಯವರ ಮನೆ. ನನ್ನ ತಾಯಿ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಅಂದಿನಿಂದ ನನ್ನನ್ನು ಸಾಕಿದವರು ಅವರು, ಬೆಳೆಸಿದ್ದು ಆ ಮನೆ. ದೊಡ್ಡಮ್ಮ ಹುಟ್ಟಿದ್ದೂ ಅಲ್ಲೇ. ಮದುವೆಯಾದ ಮೇಲೂ ಗಂಡನೇ ಇಲ್ಲಿಗೆ ಬಂದು ಹೋಗುತ್ತಿದ್ದರಂತೆ ಹೊರತು ಇವರು ಹೊಳೆಬದಿ ಬಿಟ್ಟು ಕದಲಿದವರಲ್ಲ.

ಮಂಗಳೂರಿನವರಿಗೆ ಆಗ ತಾರಸಿ ಮನೆಯ ಹುಚ್ಚು ಹಿಡಿದಿತ್ತು. ಹಂಚಿನ ಮಾಡು ಯಾರಿಗೂ ಸಾಲದು. ಸಿಮೆಂಟು ಎಲ್ಲಿಂದಲೋ ಬರುತ್ತದೆ, ಆದರೆ ಅದಕ್ಕೆ ಕಲಸುವ ಹೊಯ್ಗೆ ನಮ್ಮ ಹೊಳೆಯಿಂದಲೇ ಹೋಗಬೇಕು. ಬೆಳಗಾದರೆ ಸಾಕು, ಹದಿನೈದು ಇಪ್ಪತ್ತು ದೋಣಿಗಳು ತಿರುವಿಗೆ ಬಂದು ನಿಲ್ಲುವವು. ಆಳುಗಳು ಬುಟ್ಟಿ ಹಿಡಿದು ನೀರಿಗೆ ಮುಳುಗಿ ಹೊಯ್ಗೆ ಎತ್ತಿ ದೋಣಿಗೆ ಸುರಿಯುವರು. ನಡುಹೊಳೆಯಲ್ಲಿ ದಿಣ್ಣೆ ದಿಣ್ಣೆಯಾಗಿ ಹೊಯ್ಗೆ ಬಿದ್ದುಕೊಂಡಿದ್ದರೂ ಗುತ್ತಿಗೆದಾರನಿಗೆ ದಡದ ಬುಡದ್ದೇ ಬೇಕು. ಅಲ್ಲಿ ನೀರು ಕಡಿಮೆ, ಕೆಲಸ ಬೇಗ. ಬುಡದ ಹೊಯ್ಗೆ ಹೋದ ಮೇಲೆ ಮೇಲಿನ ಮಣ್ಣು ಯಾವ ಧೈರ್ಯದಲ್ಲಿ ನಿಂತೀತು? ಮೂರು ಮಳೆಗಾಲದಲ್ಲಿ ಒಂಬತ್ತು ತೆಂಗಿನಮರಗಳು ಒಂದೊಂದಾಗಿ ಬಗ್ಗಿ ಹೊಳೆಗೆ ಅಡ್ಡಬಿದ್ದವು. ಬಟ್ಟೆ ಒಗೆಯುವ ಕಲ್ಲು ಹೋಯಿತು. ದನದ ಹಟ್ಟಿಯ ಅರ್ಧ ಹೋಯಿತು. ಜಗಲಿಯ ಮೆಟ್ಟಿಲಿನಿಂದ ದಡದ ಅಂಚಿಗೆ ಉಳಿದದ್ದು ಹದಿನೈದು ಹೆಜ್ಜೆ. ಇನ್ನೊಂದು ದೊಡ್ಡ ನೆರೆ ಬಂದರೆ ಮನೆಯೇ ಮಂಗಳೂರಿಗೆ ಹೊರಡುವುದು ಖಂಡಿತ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹೋಗಿ ದೋಣಿಯವರ ಮುಖ್ಯಸ್ಥ ಹನೀಫಾನನ್ನು ತರಾಟೆಗೆ ತೆಗೆದುಕೊಂಡೆ. ಅವನು ತಲೆ ತಗ್ಗಿಸಿ ನಿಂತ. ದಿನಾ ಮಧ್ಯಾಹ್ನ ದೊಡ್ಡಮ್ಮ ಕೊಡುವ ಮಜ್ಜಿಗೆ ಕುಡಿಯುವವನು ಅವನು, ಅವರ ಮನೆಯ ಬುಡ ಅಗೆಯಲು ಅವನಿಗೇನು ಖುಷಿಯೇ? ಇಲ್ಲೇ ತೆಗೆಯಬೇಕು, ಇಲ್ಲವಾದರೆ ಬೇರೆ ದೋಣಿ ನೋಡಿಕೊಳ್ಳುತ್ತೇನೆ ಎಂದು ಗುತ್ತಿಗೆದಾರ ಹೇಳಿದ್ದಾನಂತೆ. ಮೇಲಿನವರಿಂದ ಒಂದು ತಡೆ ಬಂದರೆ ತನಗೂ ಒಳ್ಳೆಯದೇ ಎಂದ. ಮೇಲಿನವರು ಅಂದರೆ ಅರ್ಜಿ, ಅರ್ಜಿ ಅಂದರೆ ನಾನು.

ಶನಿವಾರ ಶಾಲೆ ಬಿಟ್ಟ ಮೇಲೆ ಕೂತು ಎರಡು ಪುಟದ ಅರ್ಜಿ ಬರೆದೆ. ಅಣ್ಣುವಿನ ಅಂಗಡಿಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಎಲ್ಲರೂ ತಲೆದೂಗಿದರು. ಅಣ್ಣು ಮಾತ್ರ ಚಾ ಎತ್ತಿ ಹೊಯ್ಯುತ್ತಾ ಒಂದು ಸಂಶಯ ತೆಗೆದ. ನಾವು ಮದರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಐದು ವರ್ಷವಾಯಿತು, ಈಗ ಕಚೇರಿಯಲ್ಲಿ ಕೂತಿರುವವರೆಲ್ಲ ಘಟ್ಟದ ಮೇಲಿನವರು, ಅವರಿಗೆ ಹೊಯ್ಗೆ ಎಂದರೆ ಅರ್ಥವಾಗುತ್ತದೆಯೇ? ಸಂಶಯ ಸರಿಯಾಗಿಯೇ ಇತ್ತು. ಅದು ಅಣ್ಣುವಿಗೆ ಹೊಳೆದು ನನಗೆ ಹೊಳೆಯದೆ ಹೋಯಿತಲ್ಲ ಎಂದು ನನಗೆ ಉರಿಯಿತು. ಅದಕ್ಕೆ ಗ್ರಂಥದ ಭಾಷೆಯಲ್ಲಿ ಬೇರೆ ಶಬ್ದ ಇದೆ, ನನಗೆ ಗೊತ್ತಿಲ್ಲವೇ, ಎಂದು ಹೇಳಿ ಅಲ್ಲೇ ಪೆನ್ನು ತೆಗೆದು ಇದ್ದ ಹದಿನಾಲ್ಕು ಹೊಯ್ಗೆಗಳನ್ನೂ ಹೊಡೆದುಹಾಕಿ ಹದಿನಾಲ್ಕು ಕಡೆ ಹೊಸ ಶಬ್ದ ಬರೆದೆ. ನಿಘಂಟು ನೋಡಬಹುದಿತ್ತು. ನಿಘಂಟು ನೋಡುವುದು ಗೊತ್ತಿಲ್ಲದವರ ಕೆಲಸ ಎಂದು ನಾನು ತಿಳಿದಿದ್ದ ಕಾಲ ಅದು.

ಬರೆಯಬೇಕಾದದ್ದು ಮರಳು. ಆದರೆ ತುಳುವಿನಲ್ಲಿ ಹುಚ್ಚಿಗೆ ಮರ್ಲ್ ಎನ್ನುತ್ತೇವೆ. ಹುಟ್ಟಿದಾರಭ್ಯ ದಿನಕ್ಕೆ ಹತ್ತು ಸಲ ಕೇಳಿದ ಮಾತು ಅದು. ನಮ್ಮ ಬಾಯಿಯಲ್ಲಿ ಮರಳೂ ಮರುಳೂ ಒಂದೇ, ಎರಡೂ ಮರ್ಳು. ಕಿವಿಗೆ ಕೇಳಿದ್ದನ್ನು ಕೈ ಬರೆಯಿತು. ರಕಾರಕ್ಕೆ ಕೊಂಬು ಬಂತು. ಹೊಳೆಯ ಮರಳು ತಲೆಯ ಮರುಳಾಯಿತು, ಅದೂ ಹದಿನಾಲ್ಕು ಸಲ. ನನ್ನ ಬಳಿ ಅದರ ನಕಲು ಈಗಲೂ ಉಂಟು, ಮುಖ್ಯವಾದ ಸಾಲುಗಳು ಇವು:

‘ವಿಷಯ: ಬರಿಕಡವಿನಲ್ಲಿ ಮಿತಿಮೀರಿದ ಮರುಳಿನ ಬಗ್ಗೆ. ನಮ್ಮ ಊರಿನ ಮರುಳು ಮೊದಲಿನಿಂದಲೂ ಪ್ರಸಿದ್ಧವಾದುದು. ಈಚೆಗೆ ಮಂಗಳೂರಿನವರಿಗೂ ಇದರ ರುಚಿ ಹತ್ತಿ ದಿನಂಪ್ರತಿ ಇಪ್ಪತ್ತು ದೋಣಿ ಮರುಳು ಇಲ್ಲಿಂದ ಸಾಗುತ್ತಿದೆ. ಗಂಡಸರು ಮುಂಜಾನೆಯೇ ಬಟ್ಟೆ ಕಳಚಿಟ್ಟು ನೀರಿಗೆ ಹಾರಿ ಬುಟ್ಟಿಗಟ್ಟಲೆ ಮರುಳನ್ನು ಮೇಲೆತ್ತುತ್ತಾರೆ. ಬೇಡವೆಂದರೆ ಕೇಳುವುದಿಲ್ಲ. ಇದರಿಂದಾಗಿ ನನ್ನ ದೊಡ್ಡಮ್ಮನವರ ಮನೆ ಇನ್ನೊಂದು ಮಳೆಗಾಲ ತಡೆಯುವಂತಿಲ್ಲ. ಆದಕಾರಣ ತಾವು ಖುದ್ದು ಬಂದು ನಮ್ಮ ಮರುಳನ್ನು ಕಣ್ಣಾರೆ ಕಂಡು ತಕ್ಕ ವ್ಯವಸ್ಥೆ ಮಾಡಬೇಕಾಗಿ ಪ್ರಾರ್ಥನೆ.’

ಇದನ್ನು ಓದಿದ ಗುಮಾಸ್ತ ಯಾರೋ ಏನೋ, ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಅರ್ಜಿಯನ್ನು ಕಳಿಸುತ್ತಿದ್ದದ್ದು ಅಲ್ಲಿಗೇ.

ಎರಡು ತಿಂಗಳ ನಂತರ ಒಂದು ಕಾರ್ಡು ಬಂತು. ಬರುವ ಶನಿವಾರ ಅಧಿಕಾರಿಗಳು ಸ್ಥಳ ಪರಿಶೀಲನೆಗೆ ಬರುತ್ತಾರೆ, ಸಂಬಂಧಪಟ್ಟವರೆಲ್ಲ ಹಾಜರಿರಬೇಕು. ಯಾವ ಅಧಿಕಾರಿ ಎಂದು ಅದರಲ್ಲಿರಲಿಲ್ಲ. ನಾನು ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ದೋಣಿ ಕಡವಿನಿಂದ ಗದ್ದೆಯವರೆಗೆ ಎಲ್ಲರಿಗೂ ತೋರಿಸಿ ಬಂದೆ. ಆಮೇಲೆ ವಾರವಿಡೀ ಜನರಿಗೆ ತಾಲೀಮು. ಬರುವವರು ಮೈಸೂರಿನ ಕಡೆಯವರು, ಅವರ ಮುಂದೆ ಯಾರೂ ಅಪ್ಪಿತಪ್ಪಿಯೂ ಹೊಯ್ಗೆ ಎನ್ನಬಾರದು, ಮರಳು ಎನ್ನಬೇಕು. ಅಣ್ಣು, ಹನೀಫಾ, ಗದ್ದೆಯ ಆಳುಗಳು, ಎಲ್ಲರೂ ಮರ್ಳು ಮರ್ಳು ಎಂದು ಬಾಯಿಪಾಠ ಮಾಡಿದರು. ದೊಡ್ಡಮ್ಮ ಮಾತ್ರ ಆಗುವುದಿಲ್ಲ ಎಂದರು. ತನ್ನ ಅಂಗಳದ ಹೊಯ್ಗೆಯನ್ನು ತನಗೆ ಬೇಕಾದ ಹೆಸರಿನಲ್ಲೇ ಕರೆಯುತ್ತಾರಂತೆ.

ಶನಿವಾರ ನಾನು ಶಾಲೆಗೆ ರಜೆ ಹಾಕಿದೆ. ಹತ್ತು ಗಂಟೆಗೆ ಅಣ್ಣುವಿನ ಅಂಗಡಿಯ ಮುಂದೆ ಜೀಪು ಬಂತು. ಕೋಟು ಹಾಕಿದ, ನಡುವಯಸ್ಸಿನ, ಮೆತ್ತಗಿನ ಮಾತಿನ ಒಬ್ಬರು ಇಳಿದರು. ಅವರ ಹಿಂದೆ ಖಾಕಿ ತೊಟ್ಟ ಇಬ್ಬರು ದಾಂಡಿಗರು. ಹೊಯ್ಗೆ ಅಳೆಯುವುದಕ್ಕೆ ಇಷ್ಟು ಗಟ್ಟಿ ಜನ ಬೇಕೇ ಎಂದು ನನಗೆ ಅನಿಸಿತು, ಆದರೆ ಸರಕಾರ ನಮ್ಮ ಅರ್ಜಿಯನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದೆ ನೋಡಿ ಎಂದು ಎದೆ ಉಬ್ಬಿತು. ನಿಮ್ಮ ಅರ್ಜಿ ಓದಿ ಬಂದಿದ್ದೇನೆ, ಇಂಥ ಅರ್ಜಿಯನ್ನು ನನ್ನ ಉದ್ಯೋಗದಲ್ಲಿ ಇದುವರೆಗೆ ಕಂಡಿಲ್ಲ ಎಂದು ಅವರು ಹೇಳಿದಾಗಲಂತೂ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಣ್ಣುವಿನ ಕಡೆ ಒಮ್ಮೆ ನೋಡಿದೆ. ಅವನು ಬೆಂಚು ಒರೆಸುತ್ತಿದ್ದ.

ಬೆಂಚಿನ ಮೇಲೆ ಕೂತು ಅಧಿಕಾರಿಗಳು ದೊಡ್ಡ ರಿಜಿಸ್ಟರು ಬಿಡಿಸಿದರು.

‘‘ಇಲ್ಲಿ ಮರುಳು ಎಷ್ಟು ಕಾಲದಿಂದ ಇದೆ?’’

‘‘ಅಜ್ಜನ ಕಾಲದಿಂದಲೂ ಉಂಟು ಸ್ವಾಮಿ,’’ ಅಣ್ಣು ಹೇಳಿದ. ‘‘ನಮ್ಮದು ಒಳ್ಳೆ ಮರ್ಳು. ಸಮುದ್ರದ ಬದಿಯ ಹಾಗೆ ಉಪ್ಪು ಇಲ್ಲ.’’

ಅವರು ಅಣ್ಣುವನ್ನು ಸ್ವಲ್ಪ ಹೊತ್ತು ನೋಡಿ, ಬರೆದುಕೊಂಡರು. ಮನೆಮನೆಯಲ್ಲೂ ಇದೆಯೇ ಎಂದು ಕೇಳಿದರು. ಸ್ವಲ್ಪ ಸ್ವಲ್ಪ ಎಲ್ಲರ ಮನೆಯಲ್ಲೂ ಉಂಟು, ಅಂಗಳಕ್ಕೆ ಬೇಕಾಗುತ್ತದೆ, ಕಡಲೆ ಹುರಿಯಲಿಕ್ಕೂ ಬೇಕಾಗುತ್ತದೆ ಎಂದು ಉತ್ತರ ಹೋಯಿತು. ಹೆಂಗಸರಲ್ಲಿ ಹೆಚ್ಚೋ ಗಂಡಸರಲ್ಲಿ ಹೆಚ್ಚೋ? ತೆಗೆಯುವುದು ಗಂಡಸರು, ಹೆಂಗಸರದು ಹೊರುವುದು ಮಾತ್ರ. ಯಾವ ಕಾಲದಲ್ಲಿ ಜಾಸ್ತಿ? ಬೇಸಗೆಯಲ್ಲಿ, ಮಳೆಗಾಲದಲ್ಲೂ ಇರುತ್ತದೆ, ಆದರೆ ಒಳಗೇ ಇರುತ್ತದೆ, ಹೊರಗೆ ಕಾಣುವುದಿಲ್ಲ. ಇದನ್ನು ಕೇಳಿ ಅಧಿಕಾರಿಗಳು ಬಹಳ ಮೆಚ್ಚಿದಂತೆ ಕಂಡಿತು. ಪುಸ್ತಕದಲ್ಲೂ ಹಾಗೆಯೇ ಇದೆ ಎಂದು ಖಾಕಿಯವರ ಕಡೆ ತಿರುಗಿ ಹೇಳಿದರು.

ಆಮೇಲೆ ಹನೀಫಾನ ಸರದಿ. ನಿಮಗೂ ಇದೆಯೇ ಎಂದು ಬಹಳ ಮರ್ಯಾದೆಯಿಂದ ಕೇಳಿದರು.

‘‘ನನ್ನ ಹೊಟ್ಟೆಪಾಡೇ ಅದು. ನನ್ನ ಬಾಪನಿಗೂ ಅದೇ ಇತ್ತು. ಈಗ ನಮ್ಮವರು ಹದಿನೆಂಟು ಜನಕ್ಕೆ ಉಂಟು. ಆದರೆ ದಡದಲ್ಲಿ ಬೇಡ, ನಡುಹೊಳೆಯಲ್ಲಿ ಆದರೆ ಯಾರಿಗೂ ಉಪದ್ರ ಇಲ್ಲ ಅಂತ ನಾನೇ ಹೇಳುವುದು.’’

ಆನುವಂಶಿಕ ಎಂದು ಬರೆದುಕೊಂಡದ್ದು ನನಗೆ ಓರೆಯಾಗಿ ಕಂಡಿತು. ಯಾಕೆಂದು ಅರ್ಥವಾಗಲಿಲ್ಲ. ಆದರೆ ಇಷ್ಟು ಹೊತ್ತು ಮನೆಯ ಮಾತೇ ಬರಲಿಲ್ಲವಲ್ಲ ಎಂದು ನನ್ನ ತಾಳ್ಮೆ ಕೆಟ್ಟಿತ್ತು. ಎದ್ದು ನಿಂತು ಭಾಷಣವನ್ನೇ ಮಾಡಿದೆ. ಮರಳಿನ ಹೆಸರೆತ್ತಿದರೆ ನನಗೆ ಮೈಯೆಲ್ಲ ಬೆಂಕಿಯಾಗುತ್ತದೆ, ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ, ಕಣ್ಣು ಮುಚ್ಚಿದರೆ ಮನೆ ತೇಲಿ ಹೋಗುವುದೇ ಕಾಣುತ್ತದೆ, ಆ ಗುತ್ತಿಗೆದಾರ ಕೈಗೆ ಸಿಕ್ಕಿದರೆ ಅವನನ್ನು ಹೊಳೆಯಲ್ಲಿ ಅದ್ದಿ ತೆಗೆಯದೆ ಬಿಡುವುದಿಲ್ಲ ಎಂದೆ. ಹೇಳುತ್ತಾ ಹೇಳುತ್ತಾ ಬೆಂಚನ್ನೂ ಗುದ್ದಿದೆ. ಅಧಿಕಾರಿಗಳು ಒಂದು ಬೆರಳು ಎತ್ತಿದರು. ಖಾಕಿಯವರು ಇಬ್ಬರೂ ಬಂದು ನನ್ನ ಎಡಕ್ಕೊಬ್ಬ ಬಲಕ್ಕೊಬ್ಬ ನಿಂತರು. ಅದು ನನಗೆ ಕೊಟ್ಟ ಗೌರವವೆಂದೇ ತಿಳಿದೆ. ‘ಜನ ಮರುಳೋ ಜಾತ್ರೆ ಮರುಳೋ’ ಎಂದು ಅಧಿಕಾರಿಗಳು ತಮ್ಮಷ್ಟಕ್ಕೆ ಗೊಣಗಿದ್ದು ಕೇಳಿಸಿತು. ನಮ್ಮವರು ಒಳ್ಳೆಯ ಮಾತು ಎಂದು ನಕ್ಕರು.

ಬನ್ನಿ, ಕಣ್ಣಾರೆ ನೋಡುವ ಎಂದು ಎಲ್ಲರೂ ಅವರನ್ನು ಹೊಳೆಬದಿಗೆ ಕರೆದುಕೊಂಡು ಹೋದೆವು. ದೊಡ್ಡಮ್ಮ ಜಗಲಿಯಲ್ಲಿ ತೆಂಗಿನ ಮಡಲು ಹೆಣೆಯುತ್ತಿದ್ದರು. ಕೋಟಿನವರು ನೇರವಾಗಿ ದಡದ ಅಂಚಿಗೆ ನಡೆಯುವುದನ್ನು ಕಂಡು, ಅತ್ತ ಹೋಗಬೇಡಿ, ಅಡಿ ಪೊಳ್ಳು ಎಂದು ತುಳುವಿನಲ್ಲಿ ಕೂಗಿದರು. ಕೈಯಲ್ಲಿ ಮಡಲು, ಕೆದರಿದ ತಲೆ, ಅರ್ಥವಾಗದ ಭಾಷೆ. ಅಧಿಕಾರಿಗಳು ಅವರ ಕಡೆ ತಿರುಗಿ ಕೈ ತೋರಿಸಿ, ಹೆದರಬೇಡಿ ತಾಯಿ, ಎಲ್ಲ ಸರಿಹೋಗುತ್ತದೆ ಎಂದು ಸಮಾಧಾನ ಹೇಳುತ್ತಾ ಇನ್ನೊಂದು ಹೆಜ್ಜೆ ಹಿಂದಕ್ಕೆ ಇಟ್ಟರು. ಅಲ್ಲಿಗೆ ದಡ ಮುಗಿಯಿತು. ಧೊಪ್ಪನೆ ಸದ್ದಾಯಿತು. ನಾವು ನೋಡುವಾಗ ಅಧಿಕಾರಿಗಳೂ ಇಲ್ಲ, ಅವರು ನಿಂತಿದ್ದ ನೆಲವೂ ಇಲ್ಲ, ರಿಜಿಸ್ಟರು ಮಾತ್ರ ಹುಲ್ಲಿನ ಮೇಲೆ ಬಿದ್ದಿತ್ತು.

ಹನೀಫಾ ಕೂಡಲೇ ಹಾರಿದ. ಕೋಟಿನ ಕೊರಳುಪಟ್ಟಿ ಹಿಡಿದು ಅವರನ್ನು ಎಳೆದು, ಅಲ್ಲೇ ತುಂಬಿ ನಿಂತಿದ್ದ ತನ್ನ ದೋಣಿಯ ರಾಶಿಯ ಮೇಲೆ ಕೂರಿಸಿದ. ಪೆಟ್ಟೇನೂ ಆಗಿರಲಿಲ್ಲ. ಕನ್ನಡಕ ಸರಿಮಾಡಿಕೊಂಡು, ಬಾಯಿಯೊಳಗಿನ ನೀರು ಉಗುಳಿ, ಅವರು ಸುತ್ತಲೂ ನೋಡಿದರು. ಮುರಿದ ದಡ ನೋಡಿದರು, ಅದರ ಮೇಲಿನ ಮನೆ ನೋಡಿದರು, ಇಪ್ಪತ್ತು ದೋಣಿಗಳನ್ನು ನೋಡಿದರು.

‘‘ಅಲ್ಲಯ್ಯಾ, ನೀವೆಲ್ಲ ಸರಿಯಾಗೇ ಇದೀರಲ್ಲ. ಆ ಮರುಳು ಇರೋದು ಎಲ್ಲಿ?’’

‘‘ನೀವು ಕೂತದ್ದು ಅದರ ಮೇಲೆಯೇ, ಧಣಿ,’’ ಎಂದ ಹನೀಫಾ.

ಅಧಿಕಾರಿಗಳು ಒಂದು ಹಿಡಿ ಎತ್ತಿ ಬೆರಳ ಸಂದಿಯಿಂದ ಸುರಿದು ನೋಡಿದರು. ಮತ್ತೊಂದು ಹಿಡಿ ಸುರಿದರು. ಆಮೇಲೆ ಅವರ ಭುಜ ಕುಣಿಯತೊಡಗಿತು. ಮೊದಲು ಚಳಿಯಿಂದ ನಡುಗುತ್ತಾರೆ ಎಂದುಕೊಂಡೆವು. ನಗು ಎಂದು ತಿಳಿಯುವಾಗ ಅದು ಅವರ ಹಿಡಿತ ಮೀರಿತ್ತು. ಹೊಟ್ಟೆ ಹಿಡಿದುಕೊಂಡು, ಹೊಯ್ಗೆಯ ಮೇಲೆ ಹೊರಳಿ, ಕಣ್ಣೀರು ಒರೆಸಿ, ಮತ್ತೆ ನಕ್ಕರು. ಖಾಕಿಯವರು ನನ್ನನ್ನು ಬಿಟ್ಟು ಆತಂಕದಿಂದ ಅವರ ಕಡೆಗೆ ಇಳಿದರು.

ದಡಕ್ಕೆ ಬಂದ ಮೇಲೆ ಜೇಬಿನಿಂದ ಒದ್ದೆ ಕಾಗದ ತೆಗೆದು ನನ್ನ ಮುಂದೆ ಹಿಡಿದರು. ತಾನು ಹುಚ್ಚಿನ ಡಾಕ್ಟರು ಎಂದು ಆಗ ಹೇಳಿದರು. ಬರಿಕಡವಿನಲ್ಲಿ ಹುಚ್ಚು ಸಾಂಕ್ರಾಮಿಕವಾಗಿದೆ, ಹೊರಗೂ ಹರಡುತ್ತಿದೆ, ಕೂಡಲೇ ಹೋಗಿ ನೋಡಿ ಎಂದು ಅವರಿಗೆ ಮೇಲಿನಿಂದ ಆಜ್ಞೆಯಾಗಿತ್ತು. ನಾನು ನನ್ನ ಅಕ್ಷರ ಓದಿದೆ. ದುಂಡಾದ, ಮುದ್ದಾದ ಅಕ್ಷರ. ಹದಿನಾಲ್ಕು ಕೊಂಬುಗಳು. ಭೂಮಿ ಬಾಯಿಬಿಡಬಾರದೇ ಎಂದುಕೊಂಡೆ. ದಡದ ಅಂಚಿನಲ್ಲಿ ಅದಕ್ಕೇನೂ ಕಷ್ಟವಿರಲಿಲ್ಲ, ಆದರೂ ಬಿಡಲಿಲ್ಲ. ಅಣ್ಣುವಿಗೆ ವಿಷಯ ಗೊತ್ತಾಯಿತು. ಅಣ್ಣುವಿನಿಂದ ಎಲ್ಲರಿಗೂ ಗೊತ್ತಾಯಿತು. ಅಷ್ಟು ನಗು ನಮ್ಮ ಹೊಳೆಬದಿಯಲ್ಲಿ ಅದಕ್ಕೂ ಮೊದಲು ಎದ್ದದ್ದಿಲ್ಲ. ದೋಣಿಯವರು ಬುಟ್ಟಿ ಕೆಳಗಿಟ್ಟು ನಕ್ಕರು.

ನಾನು ನಗಲಿಲ್ಲ. ಮನೆಯ ಗತಿಯೇನು ಎಂದು ಕೇಳಿದೆ. ನಗು ನಿಂತಿತು. ಡಾಕ್ಟರರು ಒದ್ದೆ ಕೋಟು ಬಿಚ್ಚಿ, ಮರಳು ನನ್ನ ಇಲಾಖೆಯಲ್ಲ ಎಂದರು. ಅರ್ಜಿಯನ್ನು ತಿದ್ದಿ ತಿರುಗಿ ಕಳಿಸಬಹುದು, ಅದು ಮೇಜಿನಿಂದ ಮೇಜಿಗೆ ಹೋಗಿ ಸರಿಯಾದವರ ಕೈ ಸೇರುವಾಗ ಮಳೆಗಾಲ ಕಳೆದಿರುತ್ತದೆ. ಮಳೆಗಾಲ ಕಳೆದ ಮೇಲೆ ಬಂದು ನೋಡುವುದಕ್ಕೆ ಇಲ್ಲಿ ಏನಿರುತ್ತದೆ?

ಆಗ ಹನೀಫಾ ತಲೆ ಕೆರೆದುಕೊಂಡು ಒಂದು ಮಾತು ಹೇಳಿದ. ಅವನಿಗೆ ಓದಲು ಬಾರದಿದ್ದರೂ ಪರವಾನಗಿಯ ಕರಾರುಗಳನ್ನು ಪ್ರತಿವರ್ಷ ಓದಿಸಿ ಕೇಳಿ ಬಾಯಿಪಾಠವಾಗಿತ್ತು. ಸೇತುವೆಯಿಂದ, ದೇವಸ್ಥಾನ ಮಸೀದಿಗಳಿಂದ, ಸರಕಾರಿ ಆಸ್ಪತ್ರೆಯಿಂದ ಇನ್ನೂರು ಗಜದೊಳಗೆ ಬುಟ್ಟಿ ಹಾಕಬಾರದು. ಅಮ್ಮಣ್ಣಿಯಮ್ಮನ ಮನೆ ಆಸ್ಪತ್ರೆ ಆಗಿದ್ದರೆ ಗುತ್ತಿಗೆದಾರ ಹೇಳಿದರೂ ನಾನು ಇಲ್ಲಿ ತೆಗೆಯುವಂತಿಲ್ಲ ಎಂದ.

ಡಾಕ್ಟರರು ಮನೆಯ ಕಡೆ ನೋಡಿದರು. ತಿಂಗಳಿಗೊಮ್ಮೆ ನಡೆಯುವ ಶಿಬಿರ ತೆರೆಯುವ ಅಧಿಕಾರ ಅವರಿಗಿತ್ತು, ಶಿಬಿರವೂ ಲೆಕ್ಕಕ್ಕೆ ಸರಕಾರಿ ಆಸ್ಪತ್ರೆಯೇ. ಜಗಲಿ ಸಾಕು. ಖಾಲಿ ಬೋರ್ಡೊಂದು ಜೀಪಿನಲ್ಲೇ ಇದೆ. ಮನೆಯವರು ಜಗಲಿ ಕೊಡುತ್ತೇವೆ ಎಂದು ಬರೆದು ರುಜು ಮಾಡಬೇಕು, ಮತ್ತು ರಿಜಿಸ್ಟರಿನಲ್ಲಿ ಕಡಿಮೆಯೆಂದರೆ ಒಬ್ಬ ರೋಗಿಯ ಹೆಸರಿರಬೇಕು. ಇಷ್ಟು ದೂರ ಬಂದು ಒಬ್ಬ ಹುಚ್ಚನೂ ಸಿಗಲಿಲ್ಲ ಎಂದು ಬರೆದರೆ ತನ್ನನ್ನೇ ಪರೀಕ್ಷೆ ಮಾಡಿಸುತ್ತಾರೆ ಎಂದೂ ಹೇಳಿದರು.

ದೊಡ್ಡಮ್ಮನಿಗೆ ವಿಷಯ ತಿಳಿಸಿದಾಗ ಒಂದು ಕ್ಷಣವೂ ಯೋಚಿಸದೆ ತನ್ನ ಹೆಸರು ಬರೆಯಿರಿ ಎಂದರು. ಆದರೆ ಹುಚ್ಚಿನವರ ರುಜು ನಡೆಯುವುದಿಲ್ಲವಂತೆ. ಅವರು ಹುಚ್ಚಿಯಾದರೆ ಜಗಲಿ ಕೊಡುವವರಿಲ್ಲ, ಜಗಲಿ ಕೊಟ್ಟರೆ ಹುಚ್ಚಿಯಾಗುವಂತಿಲ್ಲ. ಅಣ್ಣುವಿಗೆ ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳು. ತಂದೆಗೆ ಮರ್ಲ್ ಎಂದಾದರೆ ಯಾರು ಬಂದಾರು? ಹನೀಫಾನಿಗೆ ದೋಣಿಯ ಪರವಾನಗಿ ಹೋಗುತ್ತದೆ. ಉಳಿದವರು ನೆಲ ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ನನ್ನನ್ನು ನೋಡಿದರು.

ನಾನು ಬರಿಕಡವಿನ ಮಾಸ್ಟ್ರು. ಸೋಮವಾರ ಹಲಗೆಯ ಮೇಲೆ ಕಾಗುಣಿತ ಬರೆಯಬೇಕಾದವನು. ಆದರೆ ಮಾಡಿದ್ದುಣ್ಣೋ ಮಹರಾಯ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಬರೆದುಕೊಳ್ಳಿ ಎಂದೆ.

ಇನ್ನು ರೋಗದ ಲಕ್ಷಣ ಬೇಕಲ್ಲ. ಡಾಕ್ಟರರು ಊರವರನ್ನು ಕೇಳಿದರು. ಅಯ್ಯೋ, ಆ ಉತ್ಸಾಹವನ್ನು ಏನು ಹೇಳಲಿ. ಮದುವೆ ಕಾಗದ ಓದಿ ತಪ್ಪು ಹುಡುಕುತ್ತಾನೆ ಎಂದ ಅಣ್ಣು. ಒಬ್ಬನೇ ನಡೆಯುವಾಗ ಕೈ ಬೀಸಿ ಮಾತಾಡುತ್ತಾನೆ ಎಂದು ಇನ್ನೊಬ್ಬ. ಕಾಗೆಗೆ ಗ್ರಂಥದ ಕನ್ನಡದಲ್ಲಿ ಬೈಯುತ್ತಾನೆ. ಕಡವು ದಾಟುವಾಗ ದೋಣಿಯವನಿಗೆ ಹುಟ್ಟು ಹಾಕುವುದು ಕಲಿಸುತ್ತಾನೆ. ಹೀಗೆ ಡಾಕ್ಟರರಿಗೆ ಬರೆದು ಮುಗಿಯದಷ್ಟು ಲಕ್ಷಣಗಳು ಸಾಲುಸಾಲಾಗಿ ಬಂದವು, ಒಂದೂ ಸುಳ್ಳಲ್ಲ. ನನಗೆ ಸಿಟ್ಟು ಬಂತು. ಬಂದದ್ದನ್ನೂ ಅವರು ಬರೆದುಕೊಂಡರು.

ಕೊನೆಗೆ ದೊಡ್ಡಮ್ಮನ ಕಡೆ ತಿರುಗಿ, ನೀವು ಸಾಕಿದವರು, ನಿಮಗೆ ಕಂಡದ್ದು ಏನು ಎಂದರು. ಅಣ್ಣು ಅದನ್ನು ತುಳುವಿಗೆ ತಿರುಗಿಸಿದ. ದೊಡ್ಡಮ್ಮ ಮಡಲು ಕೆಳಗಿಟ್ಟರು. ಅವರು ಹೇಳಿದ್ದನ್ನು ಅಣ್ಣು ಕನ್ನಡದಲ್ಲಿ ಹೇಳುವಾಗ ಅವನ ಸ್ವರ ಸ್ವಲ್ಪ ಬದಲಾಗಿತ್ತು.

‘‘ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಹೋಗಿ ದಡಕ್ಕೆ ಎಷ್ಟು ಹೆಜ್ಜೆ ಅಂತ ಅಳೆಯುತ್ತಾನಂತೆ. ದಿನಾಲೂ. ಬಂದು ಇವರಿಗೆ ಇಪ್ಪತ್ತು ಉಂಟು, ಹೆದರಬೇಡಿ ಅಂತ ಹೇಳುತ್ತಾನಂತೆ. ಇದ್ದದ್ದು ಹದಿನೈದೇ ಅಂತೆ, ಇವರೂ ಅಳೆದಿದ್ದಾರೆ. ಈಗ ನೀವು ಬಿದ್ದ ಮೇಲೆ ಹದಿನಾಲ್ಕು.’’

ಡಾಕ್ಟರರು ಅದನ್ನು ಬರೆಯಲಿಲ್ಲ. ಆರು ತಿಂಗಳು ನನ್ನ ಸುಳ್ಳನ್ನು ಕೇಳಿ, ಹಾಗಾ, ಒಳ್ಳೆಯದಾಯಿತು ಎಂದು ಹೇಳಿ ನನಗೆ ಗಂಜಿ ಬಡಿಸಿದ್ದರಲ್ಲ ಈ ಹೆಂಗಸು. ನನಗೆ ಅಳು ಬಂತು, ನಾಚಿಕೆಯೇನಿಲ್ಲ. ರಿಜಿಸ್ಟರು ಎಳೆದುಕೊಂಡು ರೋಗಿಯ ರುಜು ಎಂಬಲ್ಲಿ ಪೂರ್ತಿ ಹೆಸರು ಬರೆದೆ.

ಬೋರ್ಡು ಬರೆಯುತ್ತೇನೆ ಎಂದು ಮುಂದೆ ಬಂದೆ, ಒಬ್ಬರೂ ಬಿಡಲಿಲ್ಲ. ಖಾಕಿಯವನೇ ಸರಕಾರಿ ಹುಚ್ಚಾಸ್ಪತ್ರೆ ಎಂದು ಬರೆದು ತೂಗುಹಾಕಿದ. ಮರುವಾರ ಗುತ್ತಿಗೆದಾರನ ಗುಮಾಸ್ತ ಕೊಡೆ ಹಿಡಿದು ಬಂದು ಬೋರ್ಡನ್ನು ಎರಡು ಸಲ ಓದಿ, ಇಲ್ಲಿ ರೋಗಿಗಳು ಎಲ್ಲಿದ್ದಾರೆ ಎಂದು ಜಗಲಿಯಲ್ಲಿ ಕೂತಿದ್ದ ನನ್ನನ್ನೇ ಕೇಳಿದ. ನಾನು ಎದ್ದೆ ಅಷ್ಟೇ. ಅವನು ಕೊಡೆಯನ್ನೂ ಬಿಟ್ಟು ಓಡಿದ. ಸಂಜೆಯೊಳಗೆ ಇಪ್ಪತ್ತು ದೋಣಿಗಳೂ ನಡುಹೊಳೆಯ ದಿಣ್ಣೆಗೆ ಸರಿದವು. ಅಲ್ಲಿ ಹೊಯ್ಗೆ ಇನ್ನೂ ದಪ್ಪ, ಇನ್ನೂ ಒಳ್ಳೆಯದು ಎಂದು ಹನೀಫಾ ದೊಡ್ಡಮ್ಮನಿಗೆ ಹೇಳಿ ಮಜ್ಜಿಗೆ ಕುಡಿದು ಹೋದ.

ಶಾಲೆಯಲ್ಲಿ ಮಕ್ಕಳು ಹಿಂದಿನಿಂದ ಮರ್ಲ್ ಮಾಸ್ಟ್ರು ಎನ್ನುತ್ತಿದ್ದರು. ಹೊಡೆಯಲು ಹೋಗಲಿಲ್ಲ, ಹೊಡೆದರೆ ಅದೂ ಲಕ್ಷಣವೇ. ಡಾಕ್ಟರರು ಹೇಳಿದಂತೆ ತಿಂಗಳಿಗೊಮ್ಮೆ ಬಂದು, ದೊಡ್ಡಮ್ಮ ಮಾಡಿದ ಮೀನುಸಾರಿನ ಆಸೆಗೆ ಊಟದ ಹೊತ್ತಿನವರೆಗೂ ಕೂತು, ಈಗ ಹೇಗಿದೆ ಎಂದು ನನ್ನನ್ನು ಕೇಳುವರು. ಹಾಗೆಯೇ ಉಂಟು ಎನ್ನುತ್ತಿದ್ದೆ. ಕಡಿಮೆಯಾಗದಂತೆ ನೋಡಿಕೊಳ್ಳಿ ಎನ್ನುವರು. ಅವರ ಶಿಬಿರಕ್ಕೆ ಸುತ್ತಲಿನ ಊರುಗಳಿಂದ ನಿಜವಾಗಿಯೇ ಕಷ್ಟದಲ್ಲಿದ್ದ ನಾಲ್ಕೈದು ಮಂದಿಯೂ ಬರತೊಡಗಿದರು. ಅವರ ಹೆಸರು ಮೇಲೆ ಬರಲಿ, ನನ್ನದನ್ನು ತೆಗೆಯಬಹುದಲ್ಲ ಎಂದು ಕೇಳಿದೆ. ಡಾಕ್ಟರರು ಒಪ್ಪಲಿಲ್ಲ.

ಆ ವರ್ಷದ ಆಟಿ ತಿಂಗಳ ಮಳೆಯಲ್ಲಿ ನೆರೆ ಬಂತು. ಎರಡು ದಿನ ನೀರು ಜಗಲಿಯ ಮೆಟ್ಟಿಲು ಮುಟ್ಟಿ ನಿಂತಿತು. ದೊಡ್ಡಮ್ಮನೂ ನಾನೂ ಅಕ್ಕಿಮುಡಿಯ ಮೇಲೆ ಕೂತು ಹೊಳೆಯ ಸದ್ದು ಕೇಳಿದೆವು. ಮನೆ ಅಲ್ಲಾಡಲಿಲ್ಲ. ಮೂರನೆಯ ದಿನ ನೀರು ಇಳಿಯಿತು, ಆದರೆ ಅಂಗಳವೆಲ್ಲ ಕೆಸರು, ಅಂಚಿಗೆ ಹೋಗಲು ದಾರಿಯಿರಲಿಲ್ಲ.

ಮುಂದಿನ ತಿಂಗಳು ಸೋಣ ಹುಟ್ಟಿ ಬಿಸಿಲು ಬಂದ ಮೇಲೆ ಒಂದು ಬೆಳಿಗ್ಗೆ ಎದ್ದು, ಮುಖ ತೊಳೆಯದೆ ಹೊರಗೆ ಬಂದೆ. ದೊಡ್ಡಮ್ಮ ಆಗಲೇ ದಡದ ಅಂಚಿನಲ್ಲಿ ನಿಂತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಿಂದಕ್ಕೆ ತಿರುಗಿ ಜಗಲಿಯ ಕಡೆಗೆ ನೋಡಿ ಏನೋ ಎಣಿಸಿಕೊಂಡರು. ಅಂಚಿನಲ್ಲಿ ಒಂದು ಕಡೆ ಹೊಳೆ ಹೊಸತಾಗಿ ಬಾಯಿ ಹಾಕಿದ್ದು ನನಗೆ ನಿಂತಲ್ಲಿಗೇ ಕಾಣುತ್ತಿತ್ತು.

‘‘ಎಷ್ಟು ಉಂಟು ದೊಡ್ಡಮ್ಮ?’’ ಎಂದೆ.

‘‘ಹದಿನೇಳು,’’ ಎಂದರು ಅವರು. ‘‘ಹೆದರಬೇಡ.’’

ನಾನು ಅಳೆಯಲು ಹೋಗಲಿಲ್ಲ. ಹಾಗಾ, ಒಳ್ಳೆಯದಾಯಿತು ಎಂದೆ. ಗಂಜಿ ಆರುತ್ತದೆ ಎಂದು ಅವರು ಒಳಗೆ ನಡೆದರು, ನಾನೂ ಹಿಂದೆಯೇ ಹೋದೆ.